ಸೈಕಲ್ ಅಂಗಡಿಯಿಂದ ಊರು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್: ಸ್ಟಾರ್ಟಪ್ ಕಥೆಗಳು ಬಿಟ್ಟುಬಿಡುವ ಭಾಗ

ಬೆಳಗಾವಿ ಪೇಟೆಯಲ್ಲಿ ಕಿರ್ಲೋಸ್ಕರ್ ರೋಡ್ ಅಂತ ಒಂದು ರಸ್ತೆ ಇದೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯಿಂದ ಮದುವೆ ಜವಳಿಗೋ, ಕೋರ್ಟಿನ ಕೆಲಸಕ್ಕೋ, ಆಸ್ಪತ್ರೆಗೋ ಹೋದವರು ಒಂದಲ್ಲ ಒಂದು ಸಲ ಅಲ್ಲಿ ಓಡಾಡಿರುತ್ತಾರೆ. ಆ ಹೆಸರು ಯಾಕೆ ಅಂತ ಕೇಳಿ ನೋಡಿ, ಪಂಪ್‌ಸೆಟ್ ಕಂಪನಿಯದ್ದಲ್ವಾ ಅನ್ನುತ್ತಾರೆ. ಆದರೆ ಪಂಪ್‌ಸೆಟ್ಟಿಗಿಂತ ಸುಮಾರು 40 ವರ್ಷ ಮೊದಲೇ ಆ ಹೆಸರು ಬೆಳಗಾವಿಯ ರಸ್ತೆಗಳಲ್ಲಿ ಸೈಕಲ್ ಮೇಲೆ ಓಡಾಡುತ್ತಿತ್ತು.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರ ಬದುಕು ಈಗ ಲಿಂಕ್ಡ್‌ಇನ್ನಿನ ಮೆಚ್ಚಿನ ಸರಕು. ಕೆಲಸ ಬಿಟ್ಟ ಮೇಷ್ಟ್ರು, ಸಣ್ಣ ಸೈಕಲ್ ಅಂಗಡಿ, ಯಾರೂ ಕೊಳ್ಳದ ನೇಗಿಲು, ಆಮೇಲೆ ಸಾಮ್ರಾಜ್ಯ. ನಾಲ್ಕು ಸಾಲು, ಕೆಳಗೆ ಒಂದು ರಾಕೆಟ್ ಎಮೋಜಿ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ನಾಲ್ಕು ಸಾಲಿನ ನಡುವೆ ಯಾರ್ಯಾರು ಇದ್ದರು, ಯಾರು ದುಡ್ಡು ಹಾಕಿದರು, ಯಾರು ಜಾಗ ಖಾಲಿ ಮಾಡಿಸಿದರು, ಯಾರು ಜಾಗ ಕೊಟ್ಟರು ಅನ್ನೋದನ್ನು ತೆಗೆದುಬಿಟ್ಟರೆ ಉಳಿಯುವುದು ಒಬ್ಬ ಮನುಷ್ಯನ ಹಠ ಮಾತ್ರ. ಹಠ ನಮ್ಮ ಸೀಮೆಯ ಹುಡುಗ ಹುಡುಗಿಯರಲ್ಲಿ ಬೇಕಾದಷ್ಟಿದೆ. ಬಾಕಿಯದ್ದು ಎಲ್ಲಿ ಸಿಗುತ್ತದೆ ಅನ್ನೋದು ಪ್ರಶ್ನೆ. ಅದಕ್ಕೇ ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಸುತ್ತಲಿನ ಸೀಮೆ ಕನ್ನಡದ್ದು. ಇದೇ ಊರು, ಇದೇ ಮನೆತನದಿಂದ ಬಂದವರು ಅಣ್ಣಾಸಾಹೇಬ್ ಕಿರ್ಲೋಸ್ಕರ್, 1880ರಲ್ಲಿ ಸಂಗೀತ ಶಾಕುಂತಲ ಆಡಿಸಿ ಮರಾಠಿ ಸಂಗೀತ ರಂಗಭೂಮಿಗೆ ಅಡಿಪಾಯ ಹಾಕಿದವರು. ಒಂದೇ ಹಳ್ಳಿಯಿಂದ ಒಬ್ಬರು ನಾಟಕಕ್ಕೆ, ಇನ್ನೊಬ್ಬರು ಕಬ್ಬಿಣಕ್ಕೆ. ಇಬ್ಬರೂ ನಮ್ಮವರೋ ಅವರವರೋ ಅಂತ ಗಡಿಯ ಎರಡೂ ಬದಿಯವರು ಇವತ್ತೂ ಜಗಳವಾಡಬಹುದು. ಆಗ ಅದೆಲ್ಲ ಒಂದೇ ಮುಂಬೈ ಪ್ರಾಂತ.

ಹುಡುಗ ಓದಿನಲ್ಲಿ ಹಿಂದೆ. ತಂದೆ ಕಾಶೀನಾಥಪಂತರು ವೇದಾಂತ ಬಲ್ಲವರು, ಮಗನೂ ಮನೆತನದ ದಾರಿಯಲ್ಲೇ ನಡೆಯಲಿ ಎಂದುಕೊಂಡವರು. ಮಗನಿಗೆ ಚಿತ್ರ ಬರೆಯೋದು ಮತ್ತು ಯಂತ್ರ ಬಿಚ್ಚೋದು ಬಿಟ್ಟರೆ ಬೇರೇನೂ ಬೇಡ. 1885ರಲ್ಲಿ ಹದಿನಾರರ ಹುಡುಗ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ಸ್ ಸೇರಿದ. ತಂದೆಗೆ ಇಷ್ಟವಿರಲಿಲ್ಲ. ದುಡ್ಡು ಕೊಟ್ಟವರು ಅಣ್ಣ ರಾಮಚಂದ್ರ, ಎಲ್ಲರ ಬಾಯಲ್ಲಿ ರಾಮೂಅಣ್ಣ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಸ್ಟಾರ್ಟಪ್ ಕಥೆಗಳಲ್ಲಿ ಮೊದಲು ಬಿದ್ದುಹೋಗುವ ಹೆಸರು ಇದೇ.

ಮುಂಬೈನಲ್ಲಿ ಗೊತ್ತಾಗಿದ್ದು ಹುಡುಗನಿಗೆ ಭಾಗಶಃ ಬಣ್ಣಗುರುಡು ಅಂತ. ಚಿತ್ರಕಾರನಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಬಣ್ಣ ಕೈಬಿಟ್ಟು ಗೆರೆ ಹಿಡಿದರು, ಯಂತ್ರಗಳ ನಕ್ಷೆ ಬರೆಯೋದು ಕಲಿತರು. ಮುಂದೆ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇವತ್ತಿನ ವಿಜೆಟಿಐನಲ್ಲಿ, ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸುವ ಕೆಲಸ ಸಿಕ್ಕಿತು. ಮೊದಲ ಸೆಮಿಸ್ಟರಿನಲ್ಲಿ ಡ್ರಾಫ್ಟರ್ ಹೆಗಲಿಗೆ ನೇತುಹಾಕಿಕೊಂಡು ಓಡಾಡಿದ ನನ್ನಂಥವರಿಗೆ ಈ ವಿಷಯ ಎಷ್ಟು ಬೋರು ಅಂತ ಗೊತ್ತು. ಆದರೆ ಆ ಕಾಲಕ್ಕೆ ಯಂತ್ರದ ನಕ್ಷೆ ಓದಬಲ್ಲ ಭಾರತೀಯ ಅಂದರೆ ಅಪರೂಪದ ಪ್ರಾಣಿ. ಕ್ಲಾಸು ಮುಗಿದ ಮೇಲೆ ವರ್ಕ್‌ಶಾಪಿನಲ್ಲಿ ನಿಂತು ಯಂತ್ರ ನಡೆಸೋದು, ಬಿಚ್ಚೋದು, ಕೂಡಿಸೋದು ಕಲಿತರು. ಎಂಜಿನಿಯರಿಂಗ್ ಪದವಿ ಅವರಿಗೆ ಇರಲೇ ಇಲ್ಲ.

ಮುಂಬೈ ರಸ್ತೆಯಲ್ಲಿ ಒಬ್ಬರು ಸೈಕಲ್ ತುಳಿದುಕೊಂಡು ಹೋಗೋದು ನೋಡಿದ್ದು ಆ ದಿನಗಳಲ್ಲೇ. ಸೈಕಲ್ ಅಂದರೆ ಆಗ ಏನು ಅನ್ನೋದನ್ನು ಇಲ್ಲಿ ಹೇಳಲೇಬೇಕು. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆಯ, ಚೈನಿನಿಂದ ಹಿಂದಿನ ಗಾಲಿ ತಿರುಗುವ ರೋವರ್ ಸೈಕಲ್ಲನ್ನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸ್ಟಾರ್ಲಿ ತಂದದ್ದು 1885ರಲ್ಲಿ. ಗಾಳಿ ತುಂಬಿದ ಟೈರಿಗೆ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ. ಅದೇ 1888ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಅನ್ನುವ ಹೆಸರಿನ ಸೈಕಲ್ ವ್ಯಾಪಾರ ಶುರುವಾಯಿತು. ಜಗತ್ತಿನಲ್ಲೇ ಆ ಯಂತ್ರಕ್ಕೆ ಮೂರು ನಾಲ್ಕು ವರ್ಷ ವಯಸ್ಸು. ಇವತ್ತಿನ ಲೆಕ್ಕದಲ್ಲಿ ಹೇಳೋದಾದರೆ ಇನ್ನೂ ಬೀಟಾದಲ್ಲಿರುವ ಸರಕನ್ನು ಬೆಳಗಾವಿಗೆ ತಂದು ಮಾರಿದ ಹಾಗೆ.

ಲಕ್ಷ್ಮಣರಾವ್ ಮುಂಬೈನಲ್ಲಿ ಕೊಂಡು ಕಳಿಸುತ್ತಿದ್ದರು, ಬೆಳಗಾವಿಯಲ್ಲಿ ರಾಮೂಅಣ್ಣ ಮಾರುತ್ತಿದ್ದರು. ಕೊಂಡವರಿಗೆ ತುಳಿಯೋದನ್ನು ಕಲಿಸಿ ಅದಕ್ಕೂ ಶುಲ್ಕ ತೆಗೆದುಕೊಳ್ಳುತ್ತಿದ್ದರು. ಕಲಿಸೋದಕ್ಕೆ ದುಡ್ಡಾ ಅನ್ನಬೇಡಿ. ಆಗಿನ ಸೈಕಲ್ಲಿಗೆ ಫ್ರೀವೀಲ್ ಇರಲಿಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಇಳಿಜಾರಿನಲ್ಲಿ ಕಾಲು ಸುಮ್ಮನೆ ಇಡುವಂತಿಲ್ಲ, ನಿಲ್ಲಿಸಬೇಕೆಂದರೆ ಪೆಡಲ್ಲನ್ನು ಹಿಂದಕ್ಕೆ ತಡೆಯಬೇಕು. ಫ್ರೀವೀಲ್ ಸಾಮಾನ್ಯವಾಗಿದ್ದು 1900ರ ಆಸುಪಾಸು. ಹಾಗಾಗಿ ಯಂತ್ರ ಮಾರಿದವನು ಕಲಿಸಲೂಬೇಕು, ಮುರಿದಾಗ ರಿಪೇರಿ ಮಾಡಲೂಬೇಕು. ಕೊಂಡವರು ಎಲ್ಲಿ ಬೀಳುತ್ತಾರೆ, ಯಾವ ನಟ್ಟು ಸಡಿಲವಾಗುತ್ತದೆ, ಎಷ್ಟು ದಿನಕ್ಕೆ ವಾಪಸ್ ಬರುತ್ತಾರೆ ಅನ್ನೋದು ಅಂಗಡಿಯಲ್ಲಿ ಕೂತವನಿಗೆ ಮಾತ್ರ ಗೊತ್ತಾಗುತ್ತದೆ. ಕಿರ್ಲೋಸ್ಕರರ ಎಂಜಿನಿಯರಿಂಗ್ ಅಂದರೆ ನನಗೆ ಮೊದಲು ಕಾಣೋದು ಈ ಅಂಗಡಿ. ವಿಜೆಟಿಐ ಆಮೇಲೆ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಕ್ಷಮಿಸಿ. ಬೆಂಗಳೂರು, ಪುಣೆಯಲ್ಲಿ ಹಳೆಯ ರೇಸಿಂಗ್ ಸೈಕಲ್ ಕೂಡಿಸುವ ಹವ್ಯಾಸಿಗಳಿದ್ದಾರೆ. ಅವರ ನಡುವೆ ಕೂತರೆ ಗಂಟೆಗಟ್ಟಲೆ ಒಂದೇ ಚರ್ಚೆ: ಗೇರ್ ಲಿವರ್ ಯಾವುದು ಒಳ್ಳೇದು. ಹ್ಯಾಂಡಲ್ಲಿನ ಬುಡದಿಂದ ಪೆಡಲ್ಲಿನ ಬುಡಕ್ಕೆ ಓರೆಯಾಗಿ ಇಳಿಯುವ ಕೊಳವೆಗೆ ಡೌನ್ ಟ್ಯೂಬ್ ಅನ್ನುತ್ತಾರೆ. ಅದರ ಮೇಲೆ ಎರಡು ಪುಟ್ಟ ಲಿವರ್. ತುಳಿಯುತ್ತಲೇ ಒಂದು ಕೈ ಬಿಟ್ಟು, ಬಗ್ಗಿ, ಲಿವರ್ ಎಳೆದು ಗೇರ್ ಬದಲಿಸಬೇಕು. ಇಟಲಿಯ ಕ್ಯಾಂಪಗ್ನೋಲೋದ ಹಳೆಯ ಲಿವರಿನಲ್ಲಿ ಬರೀ ಘರ್ಷಣೆ, ಅಂದರೆ ಸ್ಕ್ರೂ ಬಿಗಿದಷ್ಟು ಹಿಡಿತ. ಕ್ಲಿಕ್ ಇಲ್ಲ, ಗುರುತಿಲ್ಲ. ಚೈನು ಕರಕರ ಅನ್ನೋದು ನಿಲ್ಲುವವರೆಗೆ ಕಿವಿಯಿಂದಲೇ ಗೇರ್ ಹುಡುಕಬೇಕು. ಫ್ರಾನ್ಸಿನ ಸಿಂಪ್ಲೆಕ್ಸ್ ಒಳಗೆ ಒಂದು ಸ್ಪ್ರಿಂಗ್ ಇಟ್ಟು, ಎಳೆಯುವಾಗ ಹಗುರ, ಬಿಟ್ಟಾಗ ಜಾರದಂತೆ ಬಿಗಿ ಮಾಡಿತು. ಜಪಾನಿನ ಸನ್‌ಟೂರ್ ಅದೇ ಕೆಲಸಕ್ಕೆ ಸಣ್ಣ ಹಲ್ಲಿನ ರ್‍ಯಾಚೆಟ್ ಬಳಸಿತು. ಅಗ್ಗ, ಗಟ್ಟಿ. ನನ್ನ ವೋಟು ಅದಕ್ಕೇ. 1984ರಲ್ಲಿ ಶಿಮಾನೋ ಕ್ಲಿಕ್ ಲಿವರ್ ತಂದಿತು: ಒಂದು ಕ್ಲಿಕ್, ಒಂದು ಗೇರ್. ಹೊಸಬನೂ ತಪ್ಪು ಮಾಡಲಾರ. ಆದರೆ ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಲಿವರ್, ಡಿರೇಲರ್, ಹಿಂದಿನ ಹಲ್ಲುಚಕ್ರಗಳ ಅಂತರ, ಮೂರೂ ಒಂದಕ್ಕೊಂದು ಕೂಡಬೇಕು. ಹೆಚ್ಚಾಗಿ ಒಂದೇ ಕಂಪನಿಯದ್ದೇ ಬೇಕಾಗುತ್ತದೆ. ಹಳೆಯ ಘರ್ಷಣೆ ಲಿವರಿಗೆ ಆ ಹಂಗಿಲ್ಲ, ಯಾವ ಕಂಪನಿಯ ಡಿರೇಲರಿಗೂ ಕಟ್ಟಬಹುದು. ಶಿಮಾನೋದವರೂ ಇದನ್ನು ಬಲ್ಲವರೇ, ಕ್ಲಿಕ್ ಕೈಕೊಟ್ಟರೆ ಹಳೆಯ ರೀತಿಗೆ ಮರಳಲು ಲಿವರಿನಲ್ಲೇ ಒಂದು ಉಂಗುರ ಇಟ್ಟಿದ್ದರು.

ಇದನ್ನು ಯಾಕೆ ಹೇಳಿದೆ ಅಂದರೆ, ಯಾವ ಲಿವರ್ ಒಳ್ಳೇದು ಅನ್ನೋದಕ್ಕೆ ಲಿವರ್ ನೋಡಿ ಉತ್ತರ ಹೇಳಲಾಗದು. ಯಾರು ತುಳಿಯುತ್ತಾರೆ, ಯಾವ ರಸ್ತೆ, ಕೆಟ್ಟರೆ ರಿಪೇರಿ ಯಾರ ಕೈಯಲ್ಲಿದೆ ಅಂತ ಕೇಳಬೇಕು. ಬೆಳಗಾವಿಯ ಅಂಗಡಿಯ ಕಾಲಕ್ಕೆ ಈ ಲಿವರ್‌ಗಳು ಹುಟ್ಟಿರಲೇ ಇಲ್ಲ. ಆದರೆ ಮುಂದೆ ಇಂಗ್ಲೆಂಡಿನ ಯಂತ್ರಗಳನ್ನು ನಮ್ಮ ಕರಿಮಣ್ಣಿಗೆ ಇಳಿಸುವಾಗ ಲಕ್ಷ್ಮಣರಾವ್ ಎದುರಿಸಿದ ಪ್ರಶ್ನೆಗಳು ಇವೇ.

ಮುಂಬೈಗೆ ಮರಳೋಣ. ವಿಜೆಟಿಐನಲ್ಲಿ ಬಡ್ತಿಯ ಸರದಿ ಬಂತು. ಬಡ್ತಿ ಸಿಕ್ಕಿದ್ದು ಒಬ್ಬ ಆಂಗ್ಲೋ ಇಂಡಿಯನ್ನಿಗೆ. ಅರ್ಹತೆಯ ಮಾತೇ ಅಲ್ಲ ಅದು, ಚರ್ಮದ ಬಣ್ಣದ ಮಾತು. ಬಣ್ಣಗುರುಡು ಇದ್ದವರು ಒಬ್ಬರು, ಬಣ್ಣವೊಂದೇ ಕಾಣುತ್ತಿದ್ದವರು ಇನ್ನೊಬ್ಬರು. ಲಕ್ಷ್ಮಣರಾವ್ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಇದನ್ನು ಸಾಹಸ ಅಂತ ಹೇಳುವುದು ವಾಡಿಕೆ, ನನಗೆ ಹಾಗನ್ನಿಸುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಮೇಲೆ ಹೋಗುವ ಬಾಗಿಲು ಮುಚ್ಚಿದೆ ಅಂತ ಖಚಿತವಾದ ಮನುಷ್ಯ ಇನ್ನೇನು ಮಾಡಬೇಕಿತ್ತು? ಆಗಲೇ ಅಣ್ಣ ನಡೆಸುತ್ತಿದ್ದ ಅಂಗಡಿ ಇತ್ತು ಅನ್ನೋದು ಅದೃಷ್ಟ.

ಸೈಕಲ್ಲಿನ ಜೊತೆಗೆ ಸಣ್ಣ ವರ್ಕ್‌ಶಾಪ್ ಎದ್ದಿತು. ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ನಮ್ಮ ಕಡೆ ಜೋಳದ ಕಣಿಕಿಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ತುಳಿಯುತ್ತವೆ, ತುಂಡು ಮಾಡಿ ಹಾಕಿದರೆ ಪೂರ್ತಿ ತಿನ್ನುತ್ತವೆ. ಬರ ಬಂದ ವರ್ಷ ಈ ವ್ಯತ್ಯಾಸ ದನದ ಜೀವದ್ದು. ಸರಳ ಯಂತ್ರ, ಕಣ್ಣಿಗೆ ಕಾಣುವ ಲಾಭ. ಇದು ನಡೆಯಿತು.

ನೇಗಿಲು ನಡೆಯಲಿಲ್ಲ. 1903ರಲ್ಲಿ ಕಬ್ಬಿಣದ ನೇಗಿಲು ತಯಾರಾಯಿತು. ಕಬ್ಬಿಣ ಮಣ್ಣಿಗೆ ವಿಷ ಅನ್ನುವುದು ರೈತರ ನಂಬಿಕೆಯಾಗಿತ್ತು, ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಿರ್ಲೋಸ್ಕರ್ ಬಗ್ಗೆ ಬರೆಯುವ ಎಲ್ಲರೂ ಈ ಪ್ರಸಂಗಕ್ಕೆ ಬಂದಾಗ ರೈತರ ಮೂಢನಂಬಿಕೆಗೆ ನಕ್ಕು ಮುಂದೆ ಹೋಗುತ್ತಾರೆ. ನಾನು ಸ್ವಲ್ಪ ರೈತರ ಪರ ನಿಲ್ಲುತ್ತೇನೆ. ಕಟ್ಟಿಗೆಯ ರಂಟೆ ಮುರಿದರೆ ಊರಿನ ಬಡಿಗೇರ ಅರ್ಧ ದಿನದಲ್ಲಿ ಸರಿಮಾಡುತ್ತಾನೆ. ಕುಳ ಸವೆದರೆ ಕಂಬಾರನಿದ್ದಾನೆ. ಇಬ್ಬರಿಗೂ ಸುಗ್ಗಿಯಲ್ಲಿ ಕಾಳು ಕೊಟ್ಟರಾಯಿತು, ನಗದು ಬೇಡ. ಎರಕದ ಕಬ್ಬಿಣ ಬಿರುಕು ಬಿಟ್ಟರೆ? ಅದನ್ನು ಕಂಬಾರ ಬಡಿದು ಕೂಡಿಸಲಾರ. ಬಿಡಿಭಾಗ ಬೆಳಗಾವಿಯಿಂದಲೇ ಬರಬೇಕು, ಅದಕ್ಕೆ ರೊಕ್ಕವೇ ಬೇಕು. ಹದ ತಪ್ಪಿದರೆ ವರ್ಷದ ಬೆಳೆ ಹೋಯಿತು. ಇಷ್ಟೆಲ್ಲ ಯೋಚಿಸಿ ಎರಡು ವರ್ಷ ಕಾದ ರೈತ ಪೆದ್ದನಲ್ಲ. ಒಂದೇ ಕಂಪನಿಯ ಬಿಡಿಭಾಗಕ್ಕೆ ಕಟ್ಟುಬೀಳುವ ಮೊದಲು ಯಾರೇ ಆದರೂ ಅಷ್ಟು ಯೋಚಿಸಬೇಕು. ಇವತ್ತು ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಲಾಕಿನ ವಿರುದ್ಧ ಅಮೆರಿಕದ ರೈತರು ರಿಪೇರಿಯ ಹಕ್ಕು ಕೇಳುತ್ತಿರೋದು ಇದೇ ಜಗಳದ ಮುಂದುವರಿಕೆ.

ಹಾಗಾದರೆ ಕೊನೆಗೆ ಯಾಕೆ ಕೊಂಡರು? ಕೃಷ್ಣಾ ಕೊಳ್ಳದ ಆಳವಾದ ಎರೆಮಣ್ಣಿನಲ್ಲಿ ಕರಿಕೆ ಬೇರುಬಿಟ್ಟರೆ ಮೇಲುಮೇಲೆ ಕೆರೆಯುವ ರಂಟೆಗೆ ಜಗ್ಗುವುದಿಲ್ಲ. ಆಳವಾಗಿ ಉಳಬೇಕೆಂದರೆ ದೊಡ್ಡ ಕಟ್ಟಿಗೆ ನೇಗಿಲಿಗೆ ಮೂರು ನಾಲ್ಕು ಜೋಡಿ ಎತ್ತು ಕಟ್ಟಬೇಕು. ಅಷ್ಟು ಎತ್ತು ಯಾರ ಮನೆಯಲ್ಲಿವೆ? ಕಬ್ಬಿಣದ ನೇಗಿಲಿನ ಬಾಗಿದ ಹಲಗೆ ಮಣ್ಣನ್ನು ಸೀಳುವುದಷ್ಟೇ ಅಲ್ಲ, ಮಗುಚಿ ಹಾಕುತ್ತದೆ. ಬೇರು ಬಿಸಿಲಿಗೆ ಬೀಳುತ್ತದೆ. ನೋಡಿದವರು ನಂಬಿದರು. ಕಲಿಸದೆ ಸೈಕಲ್ ಮಾರಲಾಗದು ಅನ್ನುವ ಪಾಠ ಅಣ್ಣತಮ್ಮಂದಿರಿಗೆ ಹದಿನೈದು ವರ್ಷ ಮೊದಲೇ ಆಗಿತ್ತು.

ಒಂದು ಮಾತು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಬ್ರಾಹ್ಮಣರ ಮನೆಯ ಹುಡುಗ ಶಾಸ್ತ್ರ ಬಿಟ್ಟು ಕುಲುಮೆ, ಲೇತ್, ಎಣ್ಣೆ ಜಿಡ್ಡಿಗೆ ಕೈ ಹಾಕಿದ್ದು ಆ ಕಾಲಕ್ಕೆ ನಿಜಕ್ಕೂ ದೊಡ್ಡ ಜಿಗಿತ. ಅದರ ಜೊತೆಗೇ ಇದನ್ನೂ ನೋಡಬೇಕು: ನಮ್ಮ ಪ್ರತಿ ಊರಿನಲ್ಲೂ ಕಬ್ಬಿಣದ ಜ್ಞಾನ ಇದ್ದ ಕಂಬಾರರಿದ್ದರು. ಮಣ್ಣಿನ ಗುಣಕ್ಕೆ ತಕ್ಕಂತೆ ಕುಳದ ಓರೆ ಬದಲಿಸುವ ವಿದ್ಯೆ ಅವರದ್ದು. ಅವರಲ್ಲಿ ಯಾರೂ ಜೆ.ಜೆ. ಸ್ಕೂಲಿಗೆ ಹೋಗಲಿಲ್ಲ, ಯಾರಿಗೂ ಅಮೆರಿಕದ ತಾಂತ್ರಿಕ ಪತ್ರಿಕೆ ಓದುವ ಇಂಗ್ಲಿಷ್ ಸಿಗಲಿಲ್ಲ, ಯಾವ ರಾಜನೂ ಅವರಿಗೆ ಸಾಲ ಕೊಡಲಿಲ್ಲ. ಲಕ್ಷ್ಮಣರಾವ್ ಅವರ ದೊಡ್ಡತನ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಕೈಕೆಲಸದ ಜಾತಿಗಳಿಂದ ಯಾಕೆ ಒಬ್ಬ ಕಿರ್ಲೋಸ್ಕರ್ ಬರಲಿಲ್ಲ ಅನ್ನೋ ಪ್ರಶ್ನೆಗೆ ಹಠ ಇರಲಿಲ್ಲ ಅನ್ನುವ ಉತ್ತರ ಮಾತ್ರ ನಡೆಯದು.

ನೇಗಿಲು ಮಾರಾಟವಾಗಲು ಶುರುವಾದ ಹೊತ್ತಿಗೆ ಜಾಗದ ತಕರಾರು ಬಂತು. ವರ್ಕ್‌ಶಾಪ್ ಇದ್ದ ಜಾಗ ಹೊಸ ಬಡಾವಣೆಗೆ ಬೇಕು, ಖಾಲಿ ಮಾಡಿ ಅಂತ ಬೆಳಗಾವಿ ಮುನ್ಸಿಪಾಲಿಟಿ ಹೇಳಿತು. ನಗರಕ್ಕೆ ಮನೆ ಬೇಕಿತ್ತು, ಕಾರ್ಖಾನೆ ಬೇಕಿರಲಿಲ್ಲ. ವರ್ಷಗಟ್ಟಲೆ ಕೂಡಿಸಿದ ಯಂತ್ರಗಳನ್ನು ಎಲ್ಲಿಗೆ ಒಯ್ಯೋದು?

ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ್ ಪಂತ ಪ್ರತಿನಿಧಿ. ಔಂಧ್ ಅಂದರೆ ಅಲ್ಲೊಂದು ಇಲ್ಲೊಂದು ಚೂರು ಚೂರಾಗಿದ್ದ ಚಿಕ್ಕ ಸಂಸ್ಥಾನ. ಅದರ ಒಂದು ಚೂರು ನಮ್ಮ ವಿಜಯಪುರದ ಗುಣದಾಳದಲ್ಲೂ ಇತ್ತು. ಬಾಳಾಸಾಹೇಬರು ಚಿತ್ರ ಬರೆಯುವವರು, ಸೂರ್ಯನಮಸ್ಕಾರದ ಪ್ರಚಾರಕರು. ಔಂಧ್‌ನಲ್ಲಿ ಕಟ್ಟಡದ ಕೆಲಸ ಮಾಡಿಕೊಟ್ಟಿದ್ದ ಲಕ್ಷ್ಮಣರಾವ್ ಅವರಿಗೆ ಪರಿಚಿತರು. ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಬಂಜರು ಭೂಮಿ, ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲ. 1910ರಲ್ಲಿ ಇದು 10,000 ರೂಪಾಯಿ ಅನ್ನೋದು ನೆನಪಿರಲಿ. ಸೀಡ್ ಫಂಡಿಂಗ್ ಅಂತ ಇವತ್ತು ಕರೆಯೋದು ಇದನ್ನೇ. ಹೂಡಿಕೆದಾರ ಮಾತ್ರ ಒಂದು ಸರ್ಕಾರ.

ಈ ರಾಜನ ಬಗ್ಗೆ ಇನ್ನೊಂದು ಮಾತು. 1938ರಲ್ಲಿ ಇವರೇ ತಮ್ಮ ಅಧಿಕಾರವನ್ನು ಜನರಿಗೆ ಬಿಟ್ಟುಕೊಡುವುದಾಗಿ ಘೋಷಿಸಿದರು. ಮರುವರ್ಷ ಗಾಂಧೀಜಿಯ ಸಲಹೆಯಂತೆ ಹಳ್ಳಿ ಪಂಚಾಯ್ತಿಗಳನ್ನು ಬುಡದಲ್ಲಿಟ್ಟ ಸಂವಿಧಾನ ಔಂಧ್‌ನಲ್ಲಿ ಜಾರಿಗೆ ಬಂತು. ಅದರ ಹಿಂದೆ ದುಡಿದವರಲ್ಲಿ ಮಾರಿಸ್ ಫ್ರೀಡ್‌ಮನ್ ಅನ್ನುವ ಪೋಲಿಷ್ ಎಂಜಿನಿಯರ್ ಒಬ್ಬರು. ಅವರು ಭಾರತಕ್ಕೆ ಬಂದಿದ್ದು ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಲು. ಅದು ಬೇರೆಯೇ ದೊಡ್ಡ ಕಥೆ, ಇನ್ನೊಮ್ಮೆ ಬರೆಯಬೇಕು.

ಬೆಳಗಾವಿಯಿಂದ ಕುಂಡಲ್ ರೋಡಿಗೆ ಹೋಗುವ ರೈಲುಹಾದಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳ, ಮೀರಜ್, ಸಾಂಗ್ಲಿ. ನಮ್ಮ ಸೀಮೆಯನ್ನು ಹಾದೇ ಹೋಗಬೇಕು. ಆಗ ಅದು ಮೀಟರ್ ಗೇಜ್. ಜಿಲ್ಲೆಯಲ್ಲಿ ಹುಟ್ಟಿ, ಜಿಲ್ಲಾ ಪಟ್ಟಣದಲ್ಲಿ ಅಂಗಡಿ ಇಟ್ಟು, ನೇಗಿಲು ಮಾಡಿದ ಮನುಷ್ಯ ಜಾಗವಿಲ್ಲ ಅಂತ ಈ ಹಾದಿಯ ಆಚೆ ತುದಿಗೆ ಹೋಗಿ ನೆಲೆಸಿದ. ಇವತ್ತು ಇದೇ ಹಾದಿಯಲ್ಲಿ ಡಿಪ್ಲೊಮಾ, ಬಿಇ ಮುಗಿಸಿದ ನಮ್ಮ ಹುಡುಗರು ಬ್ಯಾಗ್ ಹಾಕಿಕೊಂಡು ಪುಣೆಗೆ ಹೋಗುತ್ತಾರೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಚಿಕ್ಕೋಡಿಯನ್ನು ಜಿಲ್ಲೆ ಮಾಡಿ, ಗಡಿ ವಿವಾದದ ನೆಪದಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅಂದಿನಿಂದ ಪ್ರತಿ ಚುನಾವಣೆಗೂ ಆ ಬೇಡಿಕೆಗೆ ಜೀವ ಬರುತ್ತದೆ. ಜಿಲ್ಲೆ ಬೇಕು, ನಾನೂ ಪರ. ಆದರೆ 32 ಎಕರೆ ಮತ್ತು ಬಡ್ಡಿಯಿಲ್ಲದ ಸಾಲದ ಬಗ್ಗೆ ಯಾವ ವೇದಿಕೆಯಲ್ಲೂ ಯಾರೂ ಮಾತಾಡಿದ್ದು ನಾನು ಕೇಳಿಲ್ಲ.

ಕುಂಡಲ್ ರೋಡಿನ ಆ ಭೂಮಿಯಲ್ಲಿ ಇದ್ದದ್ದು ಪಾಪಾಸುಕಳ್ಳಿ ಮತ್ತು ಹಾವು. ಕಳ್ಳಿ ಕಡಿದು, ಮಣ್ಣಿನ ಗೋಡೆ ಎಬ್ಬಿಸಿ, ಮೊದಲ ಕುಟುಂಬಗಳು ವಾಸಕ್ಕೆ ಬಂದವು. ರಾಮೂಅಣ್ಣ ಇಲ್ಲೂ ಜೊತೆಗಿದ್ದರು. ಶಂಭುರಾವ್ ಜಾಂಭೇಕರ್, ಮಂಗೇಶರಾವ್ ರೇಗೆ, ಅನಂತರಾವ್ ಫಳಣೀಕರ್, ಕೆ.ಕೆ. ಕುಲಕರ್ಣಿ ಸಂಗಡಿಗರು. ಊರಿಗೆ ಕಿರ್ಲೋಸ್ಕರವಾಡಿ ಅಂತ ಹೆಸರಾಯಿತು.

ಈ ಊರಿನ ಒಂದು ನಿರ್ಧಾರ ನನಗೆ ಬಹಳ ಇಷ್ಟ. ರಾತ್ರಿ ಪಹರೆಗೆ ನೇಮಿಸಿದ್ದು ಜೈಲು ಕಂಡು ಬಂದಿದ್ದ ತುಕಾರಾಮ ರಾಮೋಶಿ ಮತ್ತು ಪಿರ್‍ಯಾ ಮಾಂಗ ಅನ್ನುವ ಇಬ್ಬರನ್ನು. ಬ್ರಿಟಿಷ್ ಸರ್ಕಾರ ಇಡೀ ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳು ಅಂತ ಪಟ್ಟಿ ಮಾಡುತ್ತಿದ್ದ ಕಾಲ ಅದು. ಆ ಹೊತ್ತಿನಲ್ಲಿ ಜೈಲಿನಿಂದ ಬಂದವರ ಕೈಗೆ ಊರಿನ ಕಾವಲು ಕೊಟ್ಟದ್ದು ಬರೀ ದಯೆಯಲ್ಲ. ಮನುಷ್ಯನಿಗೆ ಕೆಲಸ ಮತ್ತು ನಂಬಿಕೆ ಕೊಟ್ಟರೆ ಏನಾಗುತ್ತದೆ ಅನ್ನೋದರ ಬಗ್ಗೆ ಒಂದು ಸ್ಪಷ್ಟ ನಿಲುವು. ವಾಡಿಯಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಸುತ್ತಲಿನ ಊರುಗಳಲ್ಲಿ ಬಾವಿಗೆ ಬೇರೆ ಬೇರೆ ಹಗ್ಗ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಹಾಗಂತ ವಾಡಿಯನ್ನು ಸ್ವರ್ಗ ಮಾಡಿಬಿಡುವುದೂ ಬೇಡ. ಮನೆ ಮಾಲೀಕನದ್ದು, ಕೆಲಸ ಮಾಲೀಕನದ್ದು, ಊರಿನ ಶಿಸ್ತು ಮಾಲೀಕನದ್ದು. ಜಗಳ ಬಂದರೆ ತೀರ್ಪು ಹೇಳುವವನೂ ಅವನೇ. ಒಳ್ಳೆಯ ಯಜಮಾನ ಇದ್ದಾಗ ಇದು ಚೆಂದ ಕಾಣುತ್ತದೆ. ಕಾರ್ಮಿಕ ಸಂಘದ ಅಗತ್ಯ ಗೊತ್ತಾಗುವುದು ಯಜಮಾನ ಬದಲಾದಾಗ. ಸಂಗಡಿಗರ ನಾಲ್ಕು ಹೆಸರು ಮೇಲೆ ಬರೆದೆ. ಎರಕ ಹೊಯ್ದವರ, ಕುಲುಮೆಗೆ ಇದ್ದಿಲು ಹೊತ್ತವರ ಹೆಸರು ಕಿರ್ಲೋಸ್ಕರ್ ಕಥೆ ಹೇಳುವ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಮುಂದಿನದ್ದು ಕಂಪನಿಯ ಇತಿಹಾಸ, ಬೇಗ ದಾಟಿಬಿಡೋಣ. ಕಡಲೆಕಾಯಿ ಸುಲಿಯುವ ಯಂತ್ರ, ಕಬ್ಬಿನ ಗಾಣ, ಕೈಪಂಪು. 1920ರಲ್ಲಿ ಲಿಮಿಟೆಡ್ ಕಂಪನಿ. ಅದೇ ವರ್ಷ ಕಿರ್ಲೋಸ್ಕರ್ ಖಬರ್ ಅನ್ನುವ ಪತ್ರಿಕೆ ಶುರುವಾಯಿತು, ಸಂಪಾದಕರು ಶಂಕರರಾವ್ ಕಿರ್ಲೋಸ್ಕರ್. ಮುಂದೆ 1930ರಲ್ಲಿ ಸ್ತ್ರೀ ಅನ್ನುವ ಮಾಸಿಕ ಬಂತು, ಹೆಣ್ಣುಮಕ್ಕಳ ಓದು, ಮದುವೆ, ವಿಧವೆಯರ ಬದುಕಿನ ಬಗ್ಗೆ ಮರಾಠಿ ಮಧ್ಯಮವರ್ಗವನ್ನು ಮಾತಾಡಿಸಿದ ಪತ್ರಿಕೆ ಅದು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ 1926ರಲ್ಲಿ ಮರಳಿದರು. ಅದೇ ವರ್ಷ ಕಿರ್ಲೋಸ್ಕರವಾಡಿಯಲ್ಲಿ ಸೆಂಟ್ರಿಫ್ಯೂಗಲ್ ಪಂಪ್ ತಯಾರಾಯಿತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರ್ ಕಿರ್ಲೋಸ್ಕರ್, ಲೇತ್‌ಗಳ ಕಾರ್ಖಾನೆ. ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಸಾಲಾಗಿ ನಿಂತಿದ್ದ ಹಸಿರು ಲೇತ್‌ಗಳೆಲ್ಲ ಅಲ್ಲಿಯವೇ. ನಾವು ಕಲಿಯುವ ಹೊತ್ತಿಗೆ ಕಾರ್ಖಾನೆ ಮುಚ್ಚಿತ್ತು, ಲೇತ್‌ಗಳು ಮಾತ್ರ ಓಡುತ್ತಿದ್ದವು.

ಆದರೆ ಪಂಪಿನ ಹತ್ತಿರ ಸ್ವಲ್ಪ ನಿಲ್ಲಬೇಕು, ಯಾಕಂದರೆ ಅದು ನಮ್ಮ ಮನೆ ವಿಷಯ. ಹಿಂದೆ ಮೊಟ್ಟೆ ಕಟ್ಟಿ ಎತ್ತಿನಿಂದ ನೀರೆತ್ತುತ್ತಿದ್ದ ಬಾವಿಗಳಿಗೆ ಡೀಸೆಲ್ ಎಂಜಿನ್ನೂ ಪಂಪೂ ಬಂದವು, ಆಮೇಲೆ ಕರೆಂಟು. ಕೃಷ್ಣೆಯ ದಂಡೆಯಿಂದ ಮೈಲಿಗಟ್ಟಲೆ ಪೈಪು ಎಳೆದು ನೀರು ಒಯ್ದರು. ರಾಯಬಾಗ, ಅಥಣಿ, ಕಾಗವಾಡದಲ್ಲಿ ಜೋಳ ಇದ್ದಲ್ಲಿ ಕಬ್ಬು ಬಂತು. ಕಬ್ಬಿನ ಜೊತೆ ಸಕ್ಕರೆ ಕಾರ್ಖಾನೆ, ಕಾರ್ಖಾನೆಯ ಜೊತೆ ರಾಜಕಾರಣ. ನಮ್ಮ ಶಾಸಕರು, ಸಂಸದರಲ್ಲಿ ಸಕ್ಕರೆ ವಾಸನೆ ಇಲ್ಲದವರನ್ನು ಹುಡುಕುವುದು ಕಷ್ಟದ ಕೆಲಸ. ವರ್ಷಗಟ್ಟಲೆ ನೀರು ನಿಂತ ಎರೆಭೂಮಿ ಸವಳಾಯಿತು. ಬೆಳ್ಳಗೆ ಉಪ್ಪು ಹೊಮ್ಮಿದ ಹೊಲಗಳನ್ನು ಉಗಾರದ ಸುತ್ತ ನೋಡಬಹುದು. ಆಳವಾಗಿ ಉಳುವ ನೇಗಿಲು ಕರಿಕೆ ತೆಗೆದ ಮಣ್ಣಿದು, ಈಗ ಏನೂ ಬೆಳೆಯದು. ಈ ಪಾಪವನ್ನು ಲಕ್ಷ್ಮಣರಾವ್ ತಲೆಗೆ ಕಟ್ಟುವುದು ಅನ್ಯಾಯ. ಎಷ್ಟು ನೀರು, ಯಾರ ಹೊಲಕ್ಕೆ, ಬಸಿಗಾಲುವೆ ಎಲ್ಲಿ ಅನ್ನುವುದನ್ನು ಪಂಪು ತೀರ್ಮಾನಿಸುವುದಿಲ್ಲ, ಸರ್ಕಾರ ತೀರ್ಮಾನಿಸಬೇಕು. ಆದರೆ ಸೈಕಲ್ ಮಾರಿದವನು ತುಳಿಯೋದನ್ನೂ ಕಲಿಸುತ್ತಿದ್ದ ಅಂಗಡಿಯ ಪದ್ಧತಿ ಪಂಪಿನ ಕಾಲಕ್ಕೆ ಎಲ್ಲಿ ಹೋಯಿತು ಅಂತ ಕೇಳಬಹುದಲ್ವಾ?

ಸೈಕಲ್ಲಿನ ಮಾತು ಬಂತು. ಕಿರ್ಲೋಸ್ಕರ್ ಹೆಸರಾಗಿದ್ದು ನೇಗಿಲು, ಪಂಪು, ಎಂಜಿನ್ನು, ಲೇತ್‌ಗೆ. ಶುರುಮಾಡಿದ ಸೈಕಲ್ಲು ಅವರ ಕಾರ್ಖಾನೆಯ ಸರಕು ಆಗಲಿಲ್ಲ. ಅದನ್ನು ಕೈಗೆತ್ತಿಕೊಂಡವರು ಮದ್ರಾಸು, ಸೋನೆಪತ್, ಲೂಧಿಯಾನದವರು. ಅವರು ಮಾಡಿದ ಕಪ್ಪು ಸೈಕಲ್ಲಿಗೆ ಗೇರ್ ಲಿವರ್ ಇರಲಿಲ್ಲ, ಒಂದೇ ಗೇರು. ಮುಂದೆ ಗಿಣ್ಣದ ಹಾಲಿನ ಕ್ಯಾನು, ಹಿಂದೆ ಮೇವಿನ ಹೊರೆ ಕಟ್ಟಿದರೂ ಓಡುತ್ತದೆ, ಕೆಟ್ಟರೆ ಸಂಕೇಶ್ವರದಲ್ಲೂ ರಿಪೇರಿಯಾಗುತ್ತದೆ, ಶೇಡಬಾಳದಲ್ಲೂ ಆಗುತ್ತದೆ. 2006ರ ಹೊತ್ತಿಗೆ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರುಮಾಡಿದ್ದೂ ಇಂಥದ್ದೇ ಒಂದೇ ಗೇರಿನ ಸೈಕಲ್ಲು. ಹೈಸ್ಕೂಲು ಪಕ್ಕದೂರಲ್ಲಿದ್ದ ಹುಡುಗಿಯರು ಅದನ್ನು ತುಳಿದು ಎಸ್ಸೆಸ್ಸೆಲ್ಸಿ ಮುಗಿಸಿದರು. ಕೋವಿಡ್ ವರ್ಷ ನಿಂತ ಯೋಜನೆ ವರ್ಷಗಳ ಕಾಲ ಮತ್ತೆ ತಲೆ ಎತ್ತಲಿಲ್ಲ. ಯಾವ ಪಕ್ಷದ ಸರ್ಕಾರಕ್ಕೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

ಲಕ್ಷ್ಮಣರಾವ್ ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26ರಂದು, 87ನೇ ವಯಸ್ಸಿನಲ್ಲಿ. ಆ ದಿನದವರೆಗೆ ಅವರು ಹುಟ್ಟಿದ ಗುರ್ಲಹೊಸೂರು, ಸೈಕಲ್ ಮಾರಿದ ಬೆಳಗಾವಿ, ಕಾರ್ಖಾನೆ ಕಟ್ಟಿದ ಕಿರ್ಲೋಸ್ಕರವಾಡಿ ಮೂರೂ ಒಂದೇ ಮುಂಬೈ ರಾಜ್ಯದಲ್ಲಿದ್ದವು. 36 ದಿನ ಕಳೆದು ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಜಾರಿಗೆ ಬಂತು. ಗುರ್ಲಹೊಸೂರು, ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂದವು, ಕಿರ್ಲೋಸ್ಕರವಾಡಿ ಮುಂಬೈನಲ್ಲೇ ಉಳಿಯಿತು. ಅವರು ಯಂತ್ರಗಳನ್ನು ಹೊತ್ತು ಹೋದ ಹಾದಿಯಲ್ಲಿ ಗಡಿ ಬಿದ್ದದ್ದು ಶೇಡಬಾಳ ದಾಟಿ ಮೀರಜ್ ಮುಟ್ಟುವ ಮೊದಲು.